ಜಪಾನಿನ ಹಳೇ ಅಂಗಡಿ ಹಲಗೆ (ಕಾನ್‌ಬಾನ್): ಪಾಲಿಶ್ ಮಾಡಿಸಬೇಕಾ, ಹಾಗೇ ಬಿಡಬೇಕಾ?

ಹಳೇಪೇಟೆ

ಎಲ್ಲರಿಗೂ ನಮಸ್ಕಾರ. ನನ್ನ ತಮ್ಮ ಯೊಕೊಹಾಮಾದಲ್ಲಿ ಕೆಲಸದಲ್ಲಿದ್ದಾನೆ. ಹಳೇ ಸಾಮಾನು ಮಾರುವವರೊಬ್ಬರ ಹತ್ತಿರ ಒಂದು ಮರದ ಅಂಗಡಿ ಹಲಗೆ ನೋಡಿ ಫೋಟೋ ಕಳಿಸಿದ್ದಾನೆ. ಅಲ್ಲಿ ಇದನ್ನು ಕಾನ್‌ಬಾನ್ ಅನ್ನುತ್ತಾರೆ. ನಾಲ್ಕು ಅಡಿ ಎತ್ತರ, ಒಂದೂಕಾಲು ಅಡಿ ಅಗಲ. ಎರಡೂ ಬದಿಯಲ್ಲಿ ಕೆತ್ತಿದ ಅಕ್ಷರ. ಅಲ್ಲಲ್ಲಿ ಚಿನ್ನದ ಬಣ್ಣ ಉಳಿದಿದೆ. ನೆತ್ತಿಯ ಮೇಲೆ ಚಾವಣಿಯಂಥ ಪುಟ್ಟ ಮಾಡು, ಅದರಲ್ಲಿ ಎರಡು ಕಬ್ಬಿಣದ ಬಳೆ. ಫೋಟೋ ನೋಡಿದಾಗಿನಿಂದ ನನಗೆ ಬೇರೆ ಯಾವ ಅಲಂಕಾರವೂ ಹಿಡಿಸುತ್ತಿಲ್ಲ. ನಮ್ಮ ಮನೆ ಹಾಲ್‌ಗೆ ಇದೇ ಬೇಕು ಅನ್ನಿಸಿದೆ.

ಮಾರುವವರು ಇದು ಎದೋ ಕಾಲದ್ದು (ಅಂದರೆ 1868ಕ್ಕೂ ಹಿಂದಿನದು), 200 ವರ್ಷ ಹಳೇದು ಅನ್ನುತ್ತಿದ್ದಾರೆ. ನಿಜವಾ ಅಂತ ಹೇಗೆ ತಿಳಿಯುವುದು? ಇಲ್ಲಿ ನಮ್ಮ ಬಡಗಿಗೆ ಫೋಟೋ ತೋರಿಸಿದೆ. ಉಪ್ಪುಕಾಗದ ಹಾಕಿ ಉಜ್ಜಿ, ಮೆಲಮೈನ್ ಪಾಲಿಶ್ ಕೊಟ್ಟರೆ ಹೊಸದರ ಹಾಗೆ ಆಗುತ್ತದೆ ಅಂದರು. ಮಾಡಿಸಬಹುದಾ? ಇನ್ನೂ ದುಡ್ಡು ಕೊಟ್ಟಿಲ್ಲ. ತಿಳಿದವರು ಹೇಳಿ.

ಕ್ಯೋತೋಕನ್ನಡತಿ

ಮೊದಲ ಮಾತು: ದಯವಿಟ್ಟು ಉಪ್ಪುಕಾಗದ ಮುಟ್ಟಿಸಬೇಡಿ. ಮಿಕ್ಕದ್ದೆಲ್ಲ ಆಮೇಲೆ ಮಾತಾಡೋಣ.

ನಾನು ಇಲ್ಲಿ ಕ್ಯೋತೋದಲ್ಲಿ ತುಂಬಾ ವರ್ಷದಿಂದ ಇದ್ದೇನೆ. ಪ್ರತಿ ತಿಂಗಳು 21ರಂದು ತೋಜಿ ದೇವಾಲಯದ ಸಂತೆ, 25ರಂದು ಕಿತಾನೋ ತೆನ್ಮಾಂಗು ಗುಡಿಯ ಸಂತೆ. ಎರಡರಲ್ಲೂ ಕಾನ್‌ಬಾನ್ ಹುಡುಕುತ್ತಾ ಅಲೆಯುವುದು ನನಗೆ ಬಹಳ ಇಷ್ಟ. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ, ಬೇಸರ ಮಾಡಿಕೊಳ್ಳಬೇಡಿ.

ಈ ಹಲಗೆಗಳು ಗೋಡೆಗೆ ಅಂಟಿಸಿದ ಬೋರ್ಡ್ ಅಲ್ಲ. ಸೂರಿನಿಂದ ಬೀದಿಗೆ ಅಡ್ಡಲಾಗಿ ತೂಗುಹಾಕುತ್ತಿದ್ದರು. ಆ ಕಡೆಯಿಂದ ಬರುವವರಿಗೂ ಕಾಣಬೇಕು, ಈ ಕಡೆಯಿಂದ ಬರುವವರಿಗೂ ಕಾಣಬೇಕು. ಅದಕ್ಕೇ ಎರಡೂ ಬದಿಗೆ ಅಕ್ಷರ. ಬೆಳಿಗ್ಗೆ ಅಂಗಡಿ ತೆಗೆಯುವಾಗ ಹೊರಗೆ ಹಾಕುವುದು, ಸಂಜೆ ಬಾಗಿಲು ಹಾಕುವಾಗ ಒಳಗೆ ತರುವುದು. ವರ್ಷಗಟ್ಟಲೆ ಹೀಗೆ ಏರಿಸಿ ಇಳಿಸಿದ್ದರಿಂದ ಬಳೆಯ ಒಳಬದಿ ಸವೆದಿರುತ್ತದೆ. ಕೈ ಹಿಡಿದ ಅಂಚು ನುಣುಪಾಗಿರುತ್ತದೆ. ಮಳೆ ಬಿದ್ದ ಕೆಳಭಾಗ ಒರಟಾಗಿ, ಮಾಡಿನ ಕೆಳಗಿನ ಮೇಲ್ಭಾಗ ಚೆನ್ನಾಗಿ ಉಳಿದಿರುತ್ತದೆ.

ಇನ್ನೊಂದು ವಿಷಯ. ಕೆಲವು ಹಲಗೆಗಳಲ್ಲಿ ಅಕ್ಷರ ಕೆತ್ತಿರುವುದಿಲ್ಲ, ಬರೀ ಕಪ್ಪು ಶಾಯಿಯಲ್ಲಿ ಬರೆದಿರುತ್ತಾರೆ. ಆ ಶಾಯಿ ದೀಪದ ಮಸಿ ಮತ್ತು ಅಂಟಿನಿಂದ ಮಾಡಿದ್ದು. ಬಿಸಿಲು ಮಳೆಗೆ ಸುತ್ತಲಿನ ಮರ ಸವೆಯುತ್ತಾ ಹೋಗುತ್ತದೆ. ಶಾಯಿಯ ಕೆಳಗಿನ ಮರ ಮಾತ್ರ ಅಷ್ಟು ಸವೆಯುವುದಿಲ್ಲ. ಎಷ್ಟೋ ವರ್ಷದ ಮೇಲೆ ಅಕ್ಷರಗಳು ತಾವಾಗಿಯೇ ಉಬ್ಬಿ ನಿಲ್ಲುತ್ತವೆ. ಕಣ್ಣಿಗೆ ಸರಿಯಾಗಿ ಕಾಣದಿದ್ದರೂ ಬೆರಳಾಡಿಸಿದರೆ ಓದಬಹುದು. ಅದನ್ನು ಯಾವ ಶಿಲ್ಪಿಯೂ ಮಾಡಿದ್ದಲ್ಲ. ಆ ಬೀದಿಯ ಮಳೆಯೇ ಮಾಡಿದ್ದು. ಉಪ್ಪುಕಾಗದ ಹಾಕಿ ಅರ್ಧ ಗಂಟೆ ಉಜ್ಜಿದರೆ ಅಷ್ಟೂ ಹೋಯಿತು.

ಅಂದಹಾಗೆ ಫೋಟೋ ಇಲ್ಲೂ ಹಾಕಿ. ಮುಂದೆ, ಹಿಂದೆ, ಅಂಚು, ಬಳೆ, ಮೊಳೆ. ವಿಶೇಷವಾಗಿ ಮೊಳೆ.

ಬಡಗಿಮನೆ

ಮೇಡಂ ಹೇಳಿದ್ದಕ್ಕೆ ನನ್ನದೂ ಒಪ್ಪಿಗೆ. ನಮ್ಮದು ಮರದ ಕೆಲಸದ ಮನೆತನ. ಪಾಲಿಶ್ ಮಾಡುವುದೇ ನಮ್ಮ ಹೊಟ್ಟೆಪಾಡು, ಆದರೂ ಹೇಳುತ್ತೇನೆ, ಇದಕ್ಕೆ ಬೇಡ.

ಒಳ್ಳೆಯ ಕಾನ್‌ಬಾನ್‌ಗಳಲ್ಲಿ ಬಹಳಷ್ಟು ಕೆಯಾಕಿ ಮರದವು. ಗಟ್ಟಿ ಮರ, ಭಾರ ಜಾಸ್ತಿ, ನಾರಿನ ಗೆರೆ ಎದ್ದು ಕಾಣುತ್ತದೆ. ಅಲ್ಲಿನ ಗುಡಿಗಳ ಕಂಬಕ್ಕೂ ಅದನ್ನು ಬಳಸುತ್ತಾರೆ. ಅಗ್ಗದ ಹಲಗೆಗಳಿಗೆ ಸುಗಿ, ಅಂದರೆ ಅಲ್ಲಿನ ಸೂಜಿ ಎಲೆಯ ಮೆತ್ತನೆ ಮರ. ಸುಗಿಯಲ್ಲಿ ಮೆತ್ತಗಿನ ಭಾಗ ಬೇಗ ಸವೆದು ಗಟ್ಟಿ ಗೆರೆ ಮಾತ್ರ ಎದ್ದು ನಿಲ್ಲುತ್ತದೆ. ಫೋಟೋದಲ್ಲಿ ಉಳುಮೆ ಮಾಡಿದ ಹೊಲದ ಹಾಗೆ ಸಾಲು ಸಾಲು ಕಂಡರೆ ಸುಗಿ ಇರಬಹುದು.

ಮೆಲಮೈನ್ ಹಾಕಿದರೆ ಮರದ ಮೇಲೆ ಪ್ಲಾಸ್ಟಿಕ್ ಪೊರೆ ಕೂತ ಹಾಗೆ. ಮತ್ತೆ ತೆಗೆಯಲು ಹೋದರೆ ಕೆಳಗಿನ ಹಳೇ ಪದರವೂ ಕಿತ್ತು ಬರುತ್ತದೆ. ಅಗಸೆ ಎಣ್ಣೆಯೂ ಬೇಡ. ಒಣ ಮರ ಎಣ್ಣೆ ಕುಡಿದು ಕಪ್ಪಾಗುತ್ತದೆ, ಆಮೇಲೆ ಧೂಳು ಹಿಡಿಯುತ್ತದೆ. ಮೆತ್ತನೆ ಬ್ರಷ್‌ನಲ್ಲಿ ಒಣ ಧೂಳು ತೆಗೆಯಿರಿ, ಸಾಕು. ಚಿನ್ನ ಇರುವ ಕಡೆ ಅದೂ ಬಹಳ ಹಗುರವಾಗಿ.

ಒಳಾಂಗಣ

ನನಗೆ ಸ್ವಲ್ಪ ಭಿನ್ನಾಭಿಪ್ರಾಯ ಇದೆ. ನಾನು ಮನೆಗಳ ಒಳಾಂಗಣ ವಿನ್ಯಾಸ ಮಾಡುತ್ತೇನೆ. ಇಂಥ ಹಲಗೆ ಒಂದೆರಡು ಮನೆಗೆ ಹಾಕಿದ್ದೇವೆ. ಮನೆ ಅಂದಮೇಲೆ ಮಕ್ಕಳಿರುತ್ತಾರೆ, ಧೂಳು ಇರುತ್ತದೆ, ದಿನಾ ಒರೆಸಬೇಕು. ಪುಡಿ ಉದುರುವ ಮರವನ್ನು ಹಾಗೇ ಇಡಲು ಆಗುವುದಿಲ್ಲ. ಮೇಲೆ ಒಂದು ಕೋಟ್ ಹೊಡೆದರೆ ಇನ್ನೂ 50 ವರ್ಷ ಬಾಳುತ್ತದೆ. ಅಡ್ಡ ಮಲಗಿಸಿ, ಕಾಲು ಜೋಡಿಸಿ, ಮೇಲೆ ಗಾಜು ಇಟ್ಟು ಟೀಪಾಯಿ ಮಾಡಿದವರೂ ಇದ್ದಾರೆ. ಚೆನ್ನಾಗಿಯೇ ಕಾಣುತ್ತದೆ. ಗೋದಾಮಿನಲ್ಲಿ ಕೊಳೆಯುವುದಕ್ಕಿಂತ ಮನೆಯಲ್ಲಿ ಬಳಕೆಯಾಗುವುದು ಒಳ್ಳೆಯದಲ್ವಾ?

ಕ್ಯೋತೋಕನ್ನಡತಿ

ಬಳಕೆಯಾಗಲಿ ಅನ್ನುವ ನಿಮ್ಮ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ಇದು ತೂಗುವ ವಸ್ತು. ಟೀಪಾಯಿ ಮಾಡಲು ಬಳೆ ಕೀಳಬೇಕು, ಮಾಡು ಕೀಳಬೇಕು. ಒಂದು ಬದಿಯ ಅಕ್ಷರ ಶಾಶ್ವತವಾಗಿ ನೆಲಕ್ಕೆ ಮುಖ ಮಾಡುತ್ತದೆ. ಆಮೇಲೆ ಉಳಿಯುವುದು ಒಂದು ಹಳೇ ಹಲಗೆ ಅಷ್ಟೇ. ಒಬ್ಬ ವ್ಯಾಪಾರಿಯ ಅಂಗಡಿಯ ಮುಖ ಅಲ್ಲ.

ಉಳಿದಿರುವುದೂ ಜಾಸ್ತಿ ಇಲ್ಲ ಅನ್ನುವುದನ್ನು ನೆನಪಿಡಿ. ಎದೋ ನಗರ, ಅಂದರೆ ಈಗಿನ ತೋಕಿಯೋ, ಪದೇ ಪದೇ ಸುಟ್ಟುಹೋಗಿದೆ. 1657ರ ಬೆಂಕಿ ಊರಿನ ಬಹುಭಾಗವನ್ನೇ ತಿಂದಿತು. 1923ರಲ್ಲಿ ಕಾಂತೋ ಭೂಕಂಪ ಮತ್ತು ಅದರ ಹಿಂದೆಯೇ ಬೆಂಕಿ. 1945ರಲ್ಲಿ ತೋಕಿಯೋ, ಒಸಾಕಾ ಮೇಲೆ ಬಾಂಬು. ಅಂಗಡಿ ಸುಟ್ಟಾಗ ಹಲಗೆಯೂ ಸುಟ್ಟಿತು. ಅಂಗಡಿ ಉಳಿದ ಕಡೆ ಹೊಸ ತಗಡಿನ ಬೋರ್ಡ್ ಬಂದಾಗ ಹಳೇದನ್ನು ಒಲೆಗೆ ಹಾಕಿದರು. ಹೀಗೆ ತಪ್ಪಿಸಿಕೊಂಡು ಬಂದದ್ದನ್ನು ನಾವು ಗಾಜಿನ ಕೆಳಗೆ ಕಾಫಿ ಲೋಟಕ್ಕೆ ಇಡುವುದಾ?

ಮಕ್ಕಳಿರುವ ಮನೆಯಾದರೆ ಎತ್ತರದಲ್ಲಿ ತೂಗಿಹಾಕಿ. ಅದರ ಜಾಗ ಇದ್ದದ್ದೂ ಅಲ್ಲೇ.

ನೀಲಿಶಾಯಿ

ಚರ್ಚೆ ಓದಿ ಖುಷಿಯಾಯಿತು. ನನಗೆ ಜಪಾನಿನ ಮರದಚ್ಚಿನ ಚಿತ್ರಗಳು ಇಷ್ಟ. ಕಾನ್‌ಬಾನ್ ಹೇಗೆ ಬೀದಿಯಲ್ಲಿ ನಿಲ್ಲುತ್ತಿತ್ತು ಅಂತ ನೋಡಬೇಕಿದ್ದರೆ ಚಿತ್ರಕಾರ ಹಿರೋಶಿಗೆಯ ಎದೋ ನೂರು ನೋಟಗಳ ಸರಣಿ ತೆಗೆಯಿರಿ. ಅದರಲ್ಲಿ ಹಿಮ ಬಿದ್ದ ಬಿಕುನಿ ಸೇತುವೆಯ ಚಿತ್ರ ಇದೆ. ಎಡಕ್ಕೆ ಒಂದು ದೊಡ್ಡ ಹಲಗೆ: 'ಬೆಟ್ಟದ ತಿಮಿಂಗಿಲ'. ಅಂದರೆ ಕಾಡುಹಂದಿ ಮಾಂಸ! ಪ್ರಾಣಿಮಾಂಸ ತಿನ್ನುವುದು ಸರಿಯಲ್ಲ ಅನ್ನುವ ಭಾವನೆ ಇದ್ದ ಕಾಲ ಅದು. ತಿಮಿಂಗಿಲವನ್ನು ಮೀನು ಅಂತ ಎಣಿಸುತ್ತಿದ್ದರು. ಹಾಗಾಗಿ ಈ ಹೆಸರು. ಎದುರು ಬದಿಯಲ್ಲಿ ಸುಟ್ಟ ಗೆಣಸಿನ ಅಂಗಡಿಯ ಹಲಗೆಯೂ ಇದೆ.

ನನಗೆ ಅಕ್ಷರದ ಹಲಗೆಗಳಿಗಿಂತ ಆಕಾರದವು ಇನ್ನೂ ಇಷ್ಟ. ಬಾಚಣಿಗೆ ಅಂಗಡಿಗೆ ದೊಡ್ಡ ಮರದ ಬಾಚಣಿಗೆ. ಮೇಣದಬತ್ತಿ ಅಂಗಡಿಗೆ ಆಳೆತ್ತರದ ಬತ್ತಿ. ಬೆರಳು ಸೀಳಿರುವ ಅವರ ಕಾಲುಚೀಲಕ್ಕೆ ಕಾಲುಚೀಲದ್ದೇ ಆಕಾರ. ಹಣ ಬದಲಾಯಿಸುವವರ ಅಂಗಡಿಗೆ ಬೆಳ್ಳಿ ತೂಗುವ ತೂಕದ ಕಲ್ಲಿನ ಆಕಾರ, ಸೊಂಟ ಸಣ್ಣಗಿರುವಂಥದ್ದು. ಜಪಾನಿನ ಭೂಪಟದಲ್ಲಿ ಬ್ಯಾಂಕಿಗೆ ಬಳಸಿದ ಗುರುತು ಬಂದದ್ದು ಅದೇ ಆಕಾರದಿಂದ. ಸಾಕೆ (ಅಕ್ಕಿಯ ಮದ್ಯ) ತಯಾರಿಸುವವರು ಸುಗಿ ಎಲೆಗಳ ದೊಡ್ಡ ಚೆಂಡು ಕಟ್ಟುತ್ತಾರೆ. ಹೊಸ ಸಾಕೆ ಬಂದಾಗ ಹಸಿರು ಚೆಂಡು. ತಿಂಗಳು ಕಳೆದಂತೆ ಅದು ಕಂದು ಬಣ್ಣಕ್ಕೆ ತಿರುಗುತ್ತದೆ. ಇದು ಇವತ್ತಿಗೂ ನಡೆಯುತ್ತಿದೆ.

ಸ್ನಾನದ ಮನೆಗಳ ಮುಂದೆ ಬಿಲ್ಲು ಬಾಣ ತೂಗುತ್ತಿದ್ದರಂತೆ. ಬಾಣ ಬಿಡುವುದು, ಬಿಸಿನೀರಿಗೆ ಇಳಿಯುವುದು, ಇವೆರಡೂ ಅವರ ಮಾತಿನಲ್ಲಿ ಕಿವಿಗೆ ಹತ್ತಿರ ಹತ್ತಿರ ಕೇಳುತ್ತವೆ. ದಾರಿಹೋಕ ಒಂದು ಕ್ಷಣ ನಿಂತು, ಅರ್ಥವಾಗಿ, ನಕ್ಕು ಒಳಗೆ ಬರಬೇಕು. ಎಂಥ ಚೆಂದದ ಜಾಹೀರಾತು!

ತುಂಗಾತೀರ

ಆಕಾರದವುಗಳಿಗೆ ಸಂಗ್ರಹ ಮಾಡುವವರಲ್ಲಿ ಬೇಡಿಕೆ ಜಾಸ್ತಿ. ಜಪಾನಿ ಓದಲು ಬಾರದವರಿಗೂ ಬಾಚಣಿಗೆ ಬಾಚಣಿಗೆಯೇ ಅಲ್ವಾ. ಅದಕ್ಕೇ ನಕಲೂ ಅಲ್ಲೇ ಜಾಸ್ತಿ. ಎಚ್ಚರ.

ನಕಲು ಹೇಗೆ ಹಿಡಿಯುವುದು ಅಂತ ನನಗೆ ಗೊತ್ತಿರುವಷ್ಟು ಹೇಳುತ್ತೇನೆ. ಹಳೇ ಮನೆ ಕೆಡವಿದಾಗ ಸಿಗುವ ನಿಜವಾದ ಹಳೇ ಹಲಗೆಗೆ ಹೊಸದಾಗಿ ಅಕ್ಷರ ಕೆತ್ತುತ್ತಾರೆ. ಮರ ಹಳೇದು, ಕೆತ್ತನೆ ಹೊಸದು. ಇದನ್ನು ಹಿಡಿಯಲು ಕೆತ್ತನೆಯ ಒಳಗೆ ನೋಡಬೇಕು. ಹೊರಮೈ ಬಿಸಿಲಿಗೆ ಬೂದು ಬಣ್ಣವಾಗಿ, ಕೆತ್ತಿದ ತಗ್ಗಿನಲ್ಲಿ ಮರ ತಾಜಾ ಬಣ್ಣದಲ್ಲಿದ್ದರೆ ಕೆತ್ತನೆ ಇತ್ತೀಚಿನದು. ಅಕ್ಷರದ ಅಂಚು ಚೂಪಾಗಿದ್ದು ಹಲಗೆಯ ಅಂಚು ಮಾತ್ರ ಸವೆದಿದ್ದರೂ ಅನುಮಾನ ಪಡಿ. ಸವೆತ ಎಲ್ಲ ಕಡೆ ಒಂದೇ ಸಮ ಇದ್ದರೆ ಇನ್ನೂ ಅನುಮಾನ. ಮಳೆ ಎಲ್ಲ ಕಡೆ ಒಂದೇ ಸಮ ಬೀಳುವುದಿಲ್ಲ.

ಇನ್ನು ಚಿನ್ನ. ಒಳ್ಳೆಯ ಹಲಗೆಯಲ್ಲಿ ಉರುಶಿ ಅನ್ನುವ ಮರದ ರಸದ ಮೆರುಗಿನ ಮೇಲೆ ಚಿನ್ನದ ರೇಕು ಕೂರಿಸಿರುತ್ತಾರೆ. ರೇಕು ಕಿತ್ತುಹೋಗಬಹುದು, ಆದರೆ ಉಳಿದದ್ದು ಚಿನ್ನದ ಬಣ್ಣದಲ್ಲೇ ಇರುತ್ತದೆ. ಹಿತ್ತಾಳೆ ಪುಡಿ ಬಳಿದಿದ್ದರೆ ಕಾಲ ಕಳೆದಂತೆ ಕಂದಾಗುತ್ತದೆ, ಕೆಲವು ಸಲ ಹಸಿರು ಛಾಯೆ ಬರುತ್ತದೆ. ನನ್ನ ಸ್ನೇಹಿತರೊಬ್ಬರಿಗೆ ಆನ್‌ಲೈನ್‌ನಲ್ಲಿ 'ಹಳೇ ಚಿನ್ನದ ಹಲಗೆ' ಅಂತ ಬಂದದ್ದನ್ನು ನೋಡಿದೆ. ಎರಡು ಮಳೆಗಾಲದಲ್ಲಿ ಅಕ್ಷರ ಪೂರಾ ಕಂದಾಗಿದೆ. ಮಾರಿದವರು ಈಗ ಉತ್ತರವನ್ನೇ ಕೊಡುವುದಿಲ್ಲ. ಇದು ಮೋಸ. ಅಷ್ಟು ಆಸೆಯಿಂದ ತರಿಸಿಕೊಂಡವರ ಮುಖ ನೋಡಿ ನನಗೆ ತುಂಬಾ ಬೇಜಾರಾಯಿತು.

ಬಡಗಿಮನೆ

ಉರುಶಿ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ನಮ್ಮ ಚನ್ನಪಟ್ಟಣದ ಗೊಂಬೆಗೆ ಹಚ್ಚುವುದು ಅರಗು, ಅದು ಕೀಟದಿಂದ ಬರುವುದು. ಉರುಶಿ ಮರದ ರಸ. ಅರಗು ಬಿಸಿಗೆ ಕರಗುತ್ತದೆ, ಉರುಶಿ ಒಮ್ಮೆ ಗಟ್ಟಿಯಾದರೆ ಕರಗುವುದಿಲ್ಲ. ಆದರೆ ಬಿಸಿಲಿಗೆ ಉರುಶಿ ಸೋಲುತ್ತದೆ, ಹೊಳಪು ಹೋಗಿ ಮಂಕಾಗುತ್ತದೆ. ಕಿಟಕಿಯಿಂದ ನೇರ ಬಿಸಿಲು ಬೀಳುವ ಗೋಡೆಗೆ ಹಾಕಬೇಡಿ. ಇಲ್ಲಿನ ಯಾರೋ ಅರಗಿನಿಂದ ರಿಪೇರಿ ಮಾಡಿಕೊಡುತ್ತೇವೆ ಅಂದರೆ ಒಪ್ಪಬೇಡಿ. ಎರಡೂ ಬೇರೆ ಬೇರೆ.

ಹಳೇಪೇಟೆ

ಇಷ್ಟೆಲ್ಲ ತಿಳಿಸಿದ್ದಕ್ಕೆ ಎಲ್ಲರಿಗೂ ವಂದನೆ. ಪಾಲಿಶ್ ವಿಚಾರ ಕೈಬಿಟ್ಟೆ.

ತಮ್ಮನಿಗೆ ಹೇಳಿ ಹೊಸ ಫೋಟೋ ತರಿಸಿ ಹಾಕಿದ್ದೇನೆ. ನೀವು ಕೇಳಿದ ಹಾಗೆ ಮೊಳೆ, ಬಳೆ, ಅಂಚು ಎಲ್ಲ ಇದೆ. ಮಾಡಿಗೆ ಹೊಡೆದ ಮೊಳೆಗಳ ತಲೆ ದುಂಡಗಿದೆ. ಮೇಲಿನ ಪಟ್ಟಿಯಲ್ಲಿ ಅಡ್ಡಲಾಗಿ ನಾಲ್ಕು ಅಕ್ಷರ. ನಡುವೆ ಮೇಲಿಂದ ಕೆಳಕ್ಕೆ ದೊಡ್ಡ ಅಕ್ಷರ. ಕೆಳಗೆ ಎಡಕ್ಕೆ ಸಣ್ಣದಾಗಿ ಏನೋ ಬರಹ, ಅದರ ಕೊನೆಗೆ ಮೂರು ಅಂಕಿ. ತಮ್ಮನಿಗೆ ಮಾತು ಬರುತ್ತದೆ, ಇಷ್ಟು ಹಳೇ ಅಕ್ಷರ ಓದಲು ಬರುವುದಿಲ್ಲ.

ಅಕ್ಷರಪ್ರೇಮಿ

ಫೋಟೋ ನೋಡಿದೆ. ಇಲ್ಲಿ ನನ್ನ ಕೈಲಾದ ಸಹಾಯ ಮಾಡುತ್ತೇನೆ. ಇಂಥ ಹಲಗೆ ತನ್ನ ವಯಸ್ಸನ್ನು ತಾನೇ ಹೇಳುತ್ತದೆ. ಮಾರುವವರ ಮಾತು ಬೇಕಾಗಿಲ್ಲ.

ನಡುವಿನ ದೊಡ್ಡ ಅಕ್ಷರ ಹೊಟ್ಟೆಯ ಔಷಧಿಯ ಹೆಸರು. ಕೆಳಗಿನ ಸಣ್ಣ ಬರಹದಲ್ಲಿ 'ತೊರಿತ್ಸುಗಿ' ಇದೆ, ಅಂದರೆ ಏಜೆಂಟರ ಅಂಗಡಿ. ಔಷಧಿ ತಯಾರಿಸಿದ ಮೂಲ ಅಂಗಡಿಯಾಗಿದ್ದರೆ 'ಹೊಂಪೊ' ಅಂತ ಇರುತ್ತಿತ್ತು. ತಯಾರಕರು ಊರೂರಿನ ಏಜೆಂಟರಿಗೆ ಹಲಗೆ ಹಂಚುತ್ತಿದ್ದರು. ಹಾಗಾಗಿ ಒಂದೇ ಔಷಧಿಯ ಹೆಸರಿನ ಹಲಗೆ ಬೇರೆ ಬೇರೆ ಊರಲ್ಲಿ ಸಿಗುವುದು ಸಹಜ. ಈಗ ಸಿಗುವ ಹಲಗೆಗಳಲ್ಲಿ ಔಷಧಿಯವು ಬಹಳ.

ಏಜೆಂಟರ ಹೆಸರಿನಲ್ಲಿ ಮನೆತನದ ಹೆಸರೂ ಇದೆ. ಎದೋ ಕಾಲದಲ್ಲಿ ಸಾಮಾನ್ಯ ವ್ಯಾಪಾರಿಗಳು ಮನೆತನದ ಹೆಸರನ್ನು ಬಹಿರಂಗವಾಗಿ ಬಳಸುವ ಹಾಗಿರಲಿಲ್ಲ, ಅಂಗಡಿಯ ಹೆಸರಲ್ಲೇ ಗುರುತು. 1870ರಲ್ಲಿ ಎಲ್ಲರಿಗೂ ಅನುಮತಿ ಸಿಕ್ಕಿತು, 1875ರಲ್ಲಿ ಕಡ್ಡಾಯವಾಯಿತು. ಇದೊಂದರಿಂದಲೇ ಎದೋ ಅನ್ನುವುದು ಅನುಮಾನ.

ಇನ್ನು ಆ ಮೂರು ಅಂಕಿ. ಅದರ ಮುಂದೆ 'ದೆನ್ವಾ' ಅಂತ ಇದೆ. ಅದು ಟೆಲಿಫೋನ್ ನಂಬರ್! ಜಪಾನಿನಲ್ಲಿ ಜನರಿಗೆ ಟೆಲಿಫೋನ್ ಸೇವೆ ಶುರುವಾದದ್ದು 1890ರಲ್ಲಿ, ತೋಕಿಯೋ ಮತ್ತು ಯೊಕೊಹಾಮಾದಲ್ಲಿ. ಸಣ್ಣ ಊರಿಗೆ ಬಂದದ್ದು ಆಮೇಲೆ. ಹಾಗಾಗಿ ಈ ಹಲಗೆ 1890ಕ್ಕಿಂತ ಹಳೇದಾಗಿರಲು ಸಾಧ್ಯವೇ ಇಲ್ಲ. ಮೊಳೆಯೂ ಅದನ್ನೇ ಹೇಳುತ್ತದೆ. ಹಳೇ ಕಮ್ಮಾರರು ಕೈಯಲ್ಲಿ ಬಡಿದ ಮೊಳೆ ಚೌಕವಾಗಿರುತ್ತದೆ. ದುಂಡು ತಲೆಯ ತಂತಿ ಮೊಳೆ ಪಶ್ಚಿಮದಿಂದ ಬಂದು ಮೇಯಿಜಿ ಕಾಲದಲ್ಲಿ (1868ರಿಂದ 1912) ಹರಡಿದ್ದು. ಮೊಳೆ ರಿಪೇರಿಯಲ್ಲಿ ಬದಲಾಗಿರಬಹುದು, ಅದೊಂದನ್ನೇ ನಂಬಬಾರದು. ಇಲ್ಲಿ ಎಲ್ಲವೂ ಒಂದೇ ಕಡೆ ಬೆರಳು ತೋರಿಸುತ್ತಿವೆ.

ಈಗ ಈಚಿನ ಗಡಿ. ಮೇಲ್ಪಟ್ಟಿಯ ನಾಲ್ಕು ಅಕ್ಷರಗಳನ್ನು ಬಲದಿಂದ ಎಡಕ್ಕೆ ಓದಿದರೆ ಮಾತ್ರ ಅರ್ಥ ಬರುತ್ತದೆ. ಅಡ್ಡ ಬರಹ ಎಡದಿಂದ ಬಲಕ್ಕೆ ನೆಲೆಯಾದದ್ದು ಯುದ್ಧ ಮುಗಿದ ಮೇಲೆ. ಅಕ್ಷರಗಳೂ ಹಳೇ ರೂಪದವು, 1946ರ ನಂತರ ಸರಳ ಮಾಡುವುದಕ್ಕಿಂತ ಮುಂಚಿನವು. ಒಟ್ಟಿನಲ್ಲಿ 1890ರಿಂದ 1940ರ ದಶಕದ ಒಳಗೆ. ಚಿಕ್ಕ ಊರಿನ ಫೋನ್ ನಂಬರ್ ನೋಡಿದರೆ ತಾಯಿಶೋ ಕಾಲ ಅಥವಾ ಶೋವಾದ ಶುರು ಅಂತ ನನ್ನ ಊಹೆ. ತಾಯಿಶೋ ಅಂದರೆ 1912ರಿಂದ 1926, ಅದರ ಮುಂದಿನದು ಶೋವಾ.

ಹಳೇಪೇಟೆ

ಅಬ್ಬಾ! ಹಾಗಾದರೆ 200 ವರ್ಷ ಅನ್ನುವುದು ಸುಳ್ಳು. ಬಿಟ್ಟುಬಿಡಲಾ?

ಅಕ್ಷರಪ್ರೇಮಿ

ಯಾಕೆ ಬಿಡುತ್ತೀರಿ? ಹಲಗೆ ಸುಳ್ಳು ಹೇಳಿಲ್ಲ, ಮಾರುವವರು ಹೇಳಿದ್ದು. ಎದೋ ಕಾಲದ ಬೆಲೆ ಮಾತ್ರ ಕೊಡಬೇಡಿ. ಫೋನ್ ನಂಬರ್ ಇದೆ, ಹೀಗಾಗಿ ಇದು ಆಮೇಲಿನದು ಅಂತ ನಿಮ್ಮ ತಮ್ಮ ನಯವಾಗಿ ಹೇಳಲಿ. ಬೆಲೆ ತಾನಾಗಿ ಇಳಿಯುತ್ತದೆ.

ಕ್ಯೋತೋಕನ್ನಡತಿ

ನಾನೂ ಅದನ್ನೇ ಹೇಳುತ್ತೇನೆ. ವರ್ಷ ಜಾಸ್ತಿ ಆದಷ್ಟೂ ಬೆಲೆ ಅನ್ನುವ ಲೆಕ್ಕವೇ ನನಗೆ ಹಿಡಿಸುವುದಿಲ್ಲ. ನಿಮ್ಮ ಹಲಗೆಯಲ್ಲಿ ಒಂದು ಊರು ಇದೆ, ಒಬ್ಬ ಏಜೆಂಟ್ ಇದ್ದಾನೆ. ಊರಿನಲ್ಲಿ ಕೆಲವರ ಹತ್ತಿರ ಮಾತ್ರ ಫೋನ್ ಇದ್ದಾಗ ಅದನ್ನು ಹೆಮ್ಮೆಯಿಂದ ಕೆತ್ತಿಸಿದ್ದಾನೆ. ನನ್ನ ಕಣ್ಣಿಗೆ ಇದು ಹೆಸರು ಊರು ಇಲ್ಲದ ಎದೋ ಹಲಗೆಗಿಂತ ಶ್ರೀಮಂತ.

ಫೋಟೋದಲ್ಲಿ ಇನ್ನೊಂದು ಗಮನಿಸಿದೆ. ಎರಡು ಬದಿಯ ಬರಹ ಒಂದೇ ಅಲ್ಲ. ಒಂದು ಕಡೆ ಚೀನೀ ಮೂಲದ ಅಕ್ಷರ, ಇನ್ನೊಂದು ಕಡೆ ಅದೇ ಹೆಸರು ಹಿರಗಾನ ಲಿಪಿಯಲ್ಲಿ. ಇದಕ್ಕೆ ಹಳೇ ರೂಢಿ ಇದೆ. ಎದೋ ಮತ್ತು ಕ್ಯೋತೋ ನಡುವಿನ ತೋಕಾಯಿದೋ ಹೆದ್ದಾರಿಯಲ್ಲಿ ಸೆಕಿ ಅಂತ ಒಂದು ತಂಗುದಾಣದ ಊರು, ಈಗಿನ ಮಿಯೆ ಪ್ರಾಂತ್ಯದಲ್ಲಿ. ಹಳೇ ಬೀದಿ ಇವತ್ತಿಗೂ ಹಾಗೇ ಇದೆ. ಅಲ್ಲಿನ ಸಿಹಿತಿಂಡಿ ಅಂಗಡಿಯೊಂದರ, ಮೇಲೆ ಮಾಡು ಇರುವ ಹಲಗೆಯೂ ಹೀಗೆಯೇ, ಒಂದೊಂದು ಬದಿಗೆ ಒಂದೊಂದು ಲಿಪಿ. ಯಾವ ಲಿಪಿ ಕಾಣುತ್ತಿದೆ ಅನ್ನುವುದರಿಂದ ಪ್ರಯಾಣಿಕ ತಾನು ಎದೋ ಕಡೆ ಹೊರಟಿದ್ದೇನಾ ಕ್ಯೋತೋ ಕಡೆ ಹೊರಟಿದ್ದೇನಾ ಅಂತ ತಿಳಿದುಕೊಳ್ಳುತ್ತಿದ್ದ. ನಿಮ್ಮದು ಹೆದ್ದಾರಿಯದ್ದೇ ಅಂತ ನಾನು ಹೇಳುತ್ತಿಲ್ಲ. ಆದರೆ ಎರಡೂ ಬದಿ ಕಾಣುವ ಹಾಗೆ ಹಾಕಿ ಅಂತ ಮಾತ್ರ ಒತ್ತಾಯ ಮಾಡುತ್ತೇನೆ. ಹಾಲ್ ಮತ್ತು ಊಟದ ಕೋಣೆ ನಡುವೆ ತೊಲೆ ಇದ್ದರೆ ಅಲ್ಲಿಂದ ಇಳಿಬಿಡಿ.

ಒಳಾಂಗಣ

ಇದು ಒಳ್ಳೆಯ ಸಲಹೆ. ಎರಡು ಕೋಣೆ ನಡುವೆ ತೂಗಿದರೆ ಗೋಡೆಗಿಂತ ಎಷ್ಟೋ ಚೆನ್ನಾಗಿ ಕಾಣುತ್ತದೆ, ಮಕ್ಕಳ ಕೈಗೂ ಎಟುಕುವುದಿಲ್ಲ. ಟೀಪಾಯಿ ಮಾತು ಈ ಹಲಗೆಗೆ ಬೇಡ, ಒಪ್ಪಿದೆ. ಬರಹ ಪೂರಾ ಅಳಿಸಿಹೋದ, ಒಡೆದ ಹಲಗೆಗಳಿಗೆ ಮಾತ್ರ ನನ್ನ ಮಾತು ಈಗಲೂ ಅದೇ.

ತೂಗಲು ಹಳೇ ಬಳೆಯನ್ನು ಮಾತ್ರ ನಂಬಬೇಡಿ. ತುಕ್ಕು ಒಳಗೆ ಎಷ್ಟು ತಿಂದಿದೆ ಅಂತ ಕಾಣುವುದಿಲ್ಲ. ಬಳೆಗೆ ಸರಪಳಿ ನೋಡಲು ಇರಲಿ, ಭಾರ ಹೊರಲು ಹಲಗೆಯ ಕೆಳಗಿನಿಂದ ಸಣ್ಣ ಸ್ಟೀಲ್ ತಂತಿ ಹಾಯಿಸಿ. ಮೇಲೆ ಕಾಂಕ್ರೀಟ್ ತೊಲೆಗೆ ಆಂಕರ್ ಬೋಲ್ಟ್ ಹಾಕಿಸಿ. ಜಿಪ್ಸಂ ಸೀಲಿಂಗ್‌ಗೆ ಬೇಡವೇ ಬೇಡ. ಹಲಗೆಗೆ ಹೊಸ ತೂತು ಕೊರೆಯುವ ಅಗತ್ಯವೇ ಇಲ್ಲ.

ನೀಲಿಶಾಯಿ

ಯಾರಾದರೂ ಅಮೆರಿಕದಲ್ಲಿದ್ದರೆ ಮ್ಯಾಸಚೂಸೆಟ್ಸ್‌ನ ಸೇಲಂನಲ್ಲಿರುವ ಪೀಬಡಿ ಎಸೆಕ್ಸ್ ಮ್ಯೂಸಿಯಂನ ಸಂಗ್ರಹ ನೋಡಿ. ಎಡ್ವರ್ಡ್ ಮೋರ್ಸ್ ಅನ್ನುವ ಪ್ರಾಣಿಶಾಸ್ತ್ರಜ್ಞ 1877ರಲ್ಲಿ ಚಿಪ್ಪುಜೀವಿಗಳ ಅಧ್ಯಯನಕ್ಕೆ ಅಂತ ಜಪಾನಿಗೆ ಹೋದರು. ಹೋದವರು ಅಲ್ಲಿನ ಮನೆ, ಮಡಕೆ, ದಿನಬಳಕೆ ಸಾಮಾನಿಗೆ ಮನಸೋತರು. ಅಂಗಡಿ ಹಲಗೆಗಳನ್ನೂ ಸಂಗ್ರಹಿಸಿದರು. ಅಲ್ಲಿನವರೇ ಇವನ್ನು ಕಲೆ ಅಂತ ಎಣಿಸದ ಕಾಲದಲ್ಲಿ ಅವು ಉಳಿದದ್ದು ಹೀಗೆ. ಜಪಾನಿನಲ್ಲೇ ಇರುವವರಿಗೆ ಗಿಫು ಪ್ರಾಂತ್ಯದ ಕಾಕಾಮಿಗಹಾರಾದಲ್ಲಿ ನಾಯಿತೋ ಔಷಧ ವಸ್ತುಸಂಗ್ರಹಾಲಯ ಇದೆ. ಔಷಧಿ ಹಲಗೆಗಳಿಗೆ ಅದೇ ಸರಿಯಾದ ಜಾಗ. ಹಳೇಪೇಟೆ ಅವರೇ, ನಿಮ್ಮ ತಮ್ಮ ಒಮ್ಮೆ ಹೋಗಿ ಬರಲಿ. ಅದೇ ಔಷಧಿಯ ಹೆಸರು ಕಂಡರೂ ಕಾಣಬಹುದು.

ಹಳೇಪೇಟೆ

ತಮ್ಮ ಮಾತಾಡಿದ. ಫೋನ್ ನಂಬರ್ ತೋರಿಸಿದ ಮೇಲೆ ಅವರು ವಾದ ಮಾಡಲಿಲ್ಲ, ಬೆಲೆ ಇಳಿಸಿದರು. ತೆಗೆದುಕೊಳ್ಳುತ್ತಿದ್ದೇವೆ! ತೊಲೆಯಿಂದಲೇ ಇಳಿಬಿಡುತ್ತೇವೆ, ಅಮ್ಮನಿಗೂ ಒಪ್ಪಿಗೆಯಾಯಿತು.

ಕೊನೆಯ ಪ್ರಶ್ನೆ. ಕೆಳ ಅಂಚಿನಲ್ಲಿ ಸೂಜಿ ಗಾತ್ರದ ತೂತುಗಳಿವೆ. ಹುಳು ಹಿಡಿದಿದೆಯಾ? ನಮ್ಮ ಮನೆಯ ಬಾಗಿಲಿಗೂ ಹರಡುತ್ತದಾ ಅಂತ ಭಯ.

ಬಡಗಿಮನೆ

ತೂತಿನ ಅಂಚು ಕಪ್ಪಾಗಿದ್ದರೆ ಹಳೇದು, ಹುಳು ಎಂದೋ ಹೋಗಿರುತ್ತದೆ. ತೂತಿನ ಒಳಗೆ ತಿಳಿ ಬಣ್ಣ ಇದ್ದು, ಕೆಳಗೆ ಹಿಟ್ಟಿನಂಥ ಪುಡಿ ಬಿದ್ದರೆ ಒಳಗೆ ಜೀವ ಇದೆ ಅಂತ ಅರ್ಥ. ಕಳಿಸುವ ಮುಂಚೆಯೇ ಅಲ್ಲಿ ತಜ್ಞರಿಂದ ಹುಳು ನಿವಾರಣೆ ಮಾಡಿಸಿ, ಆ ಕಾಗದವನ್ನು ಸಾಮಾನಿನ ಜೊತೆ ಇಡಲು ತಮ್ಮನಿಗೆ ಹೇಳಿ. ಪ್ಯಾಕಿಂಗ್‌ಗೆ ಮರದ ಪೆಟ್ಟಿಗೆ ಮಾಡಿಸಿದರೆ ಅದರ ಮರಕ್ಕೂ ಶಾಖ ಕೊಟ್ಟ ಮುದ್ರೆ ಇರಬೇಕು, ಇಲ್ಲದಿದ್ದರೆ ಬಂದರಿನಲ್ಲಿ ತೊಂದರೆ.

ಬಂದ ಕೂಡಲೇ ತೂಗಬೇಡಿ. ಒಂದು ಮೂಲೆಯಲ್ಲಿ ಎರಡು ಇಟ್ಟಿಗೆ ಮೇಲೆ ಕರಿ ಹಾಳೆ ಹಾಸಿ ನಿಲ್ಲಿಸಿ. ಮರ ನಮ್ಮ ಹವೆಗೆ ಹೊಂದಿಕೊಳ್ಳಲಿ. ಕರಿ ಹಾಳೆಯ ಮೇಲೆ ಪುಡಿ ಬಿದ್ದರೆ ತಕ್ಷಣ ಕಾಣುತ್ತದೆ. ಎಸಿ ಗಾಳಿ ನೇರ ಬಡಿಯುವ ಜಾಗ ಬೇಡ, ಮರ ಸೀಳುತ್ತದೆ. ಒಂದು ಮಳೆಗಾಲ ಪೂರ್ತಿ ಪುಡಿ ಬೀಳದಿದ್ದರೆ ಧೈರ್ಯವಾಗಿ ಮೇಲೇರಿಸಿ. ಆಂಕರ್ ಬೋಲ್ಟ್ ಹಾಕಿಸುವ ದಿನ ಬೇಕಿದ್ದರೆ ನನಗೆ ಹೇಳಿ, ಬೆಂಗಳೂರಿನಲ್ಲೇ ಇದ್ದೇನೆ, ಬಂದು ಹಿಡಿದುಕೊಳ್ಳುತ್ತೇನೆ.